ತಪ್ಪಿದ ಬಾಣಕ್ಕೊಂದು ತಡೆ



ದ್ರೋಣಾಚಾರ್ಯರು ಮರದ ಮೇಲೆ ಹಕ್ಕಿಯ ಬೊಂಬೆಯೊಂದನ್ನು ಇಟ್ಟು ಶಿಷ್ಯರನ್ನು ಪರೀಕ್ಷಿಸಿದ ಕಥೆ ನಿಮಗೆಲ್ಲ ಗೊತ್ತು. ಒಬ್ಬನಿಗೆ ಮರ ಕಂಡಿತು, ಒಬ್ಬನಿಗೆ ಕೊಂಬೆ ಕಂಡಿತು. ಅವರಿಗೆ ಬಾಣ ಬಿಡುವ ಅವಕಾಶವೇ ಸಿಗಲಿಲ್ಲ. ಹಕ್ಕಿಯನ್ನಲ್ಲದೆ ಬೇರೇನನ್ನೂ ಕಾಣದ ಅರ್ಜುನನೊಬ್ಬನೇ ಬಾಣ ಬಿಟ್ಟ, ಅದು ಗುರಿ ಮುಟ್ಟಿತು. ಹೀಗಾಗಿ ಆ ಕಥೆಯಲ್ಲಿ ಗುರಿ ತಪ್ಪಿದ ಬಾಣ ಒಂದೂ ಇಲ್ಲ.

ನಿಜವಾದ ಅಭ್ಯಾಸದಲ್ಲಿ ಹಾಗಾಗುವುದಿಲ್ಲ. ಹೊಸದಾಗಿ ಬಿಲ್ಲು ಹಿಡಿದವನು ಬಿಟ್ಟ ಬಾಣಗಳಲ್ಲಿ ಹೆಚ್ಚಿನವು ಗುರಿ ತಪ್ಪುತ್ತವೆ. ಅವು ಎಲ್ಲಿಗೆ ಹೋಗುತ್ತವೆ? ಅವುಗಳನ್ನು ಯಾರು ತಡೆಯುತ್ತಾರೆ? ಟೆಲಿವಿಷನ್ನಿನಲ್ಲಿ ಬಿಲ್ಲುಗಾರಿಕೆಯನ್ನು ತೋರಿಸುವ ನಾವು ಕೂಡ ಬಣ್ಣದ ವೃತ್ತಗಳ ಮುಖವನ್ನು ತೋರಿಸುತ್ತೇವೆಯೇ ಹೊರತು ಅದರ ಹಿಂದೆ ಏನಿದೆ ಎಂಬುದನ್ನು ತೋರಿಸುವುದು ಅಪರೂಪ. ಹಿಂದಿರುವ ಆ ತಡೆಗೂ ಒಂದು ಇತಿಹಾಸವಿದೆ. ಬಿಲ್ಲುಗಾರರನ್ನು ತಯಾರು ಮಾಡಿದ್ದರಲ್ಲಿ ಬಿಲ್ಲಿಗೆ ಎಷ್ಟು ಪಾಲಿದೆಯೋ ಈ ಅಗ್ಗದ ತಡೆಗೂ ಅಷ್ಟೇ ಪಾಲಿದೆ.

ಈ ಇತಿಹಾಸವನ್ನು ಅರಿಯಲು ನಾವು ಮಧ್ಯಯುಗದ ಇಂಗ್ಲೆಂಡಿಗೆ ಹೋಗಬೇಕು. 1346ರ ಕ್ರೆಸಿ, 1356ರ ಪ್ವಾತಿಯೆ, 1415ರ ಅಜಿಂಕೂರ್ ಯುದ್ಧಗಳಲ್ಲಿ ಇಂಗ್ಲೆಂಡಿನ ನೀಳಬಿಲ್ಲುಗಾರರು ಫ್ರಾನ್ಸಿನ ಕುದುರೆ ಸವಾರರನ್ನು ಸೋಲಿಸಿದರೆಂದು ಇತಿಹಾಸದ ಪಾಠದಲ್ಲಿ ಓದುತ್ತೇವೆ. ಆ ಬಿಲ್ಲುಗಾರರಲ್ಲಿ ಹೆಚ್ಚಿನವರು ಸಾಮಾನ್ಯ ರೈತರು, ಕೂಲಿಕಾರರು, ಕಸುಬುದಾರರು. ಅವರು ಕಲಿತದ್ದು ತಮ್ಮ ಊರಿನಲ್ಲಿಯೇ, ಒಂದು ಮಣ್ಣಿನ ದಿಬ್ಬದ ಎದುರು. ಆ ದಿಬ್ಬಕ್ಕೆ ಇಂಗ್ಲಿಷಿನಲ್ಲಿ 'ಬಟ್' ಎಂದು ಹೆಸರು. ಎಲ್ಲರ ನಗೆಗೆ ಗುರಿಯಾದವನನ್ನು ಇಂಗ್ಲಿಷಿನಲ್ಲಿ 'ನಗೆಯ ಬಟ್' ಎನ್ನುತ್ತಾರಲ್ಲ, ಆ ಮಾತು ಬಂದಿರುವುದು ಈ ದಿಬ್ಬದಿಂದಲೇ.

ದಿಬ್ಬದ ರಚನೆ ಬಹಳ ಸರಳ. ಮಣ್ಣನ್ನು ಗುಡ್ಡೆ ಹಾಕಿ, ಅದು ಕುಸಿಯದಂತೆ ಹುಲ್ಲುಹೆಂಟೆಗಳನ್ನು ಒತ್ತಾಗಿ ಜೋಡಿಸಿ, ಮುಂಭಾಗವನ್ನು ಚಪ್ಪಟೆ ಮಾಡುತ್ತಿದ್ದರು. ಅದರ ಮೇಲೆ ಒಂದು ಗುರುತು ಇಟ್ಟರೆ ಗುರಿ ಸಿದ್ಧ. ಸಾಮಾನ್ಯವಾಗಿ ಎರಡು ದಿಬ್ಬಗಳನ್ನು ಎದುರುಬದುರಾಗಿ ಕಟ್ಟುತ್ತಿದ್ದರು. ಒಂದರ ಬಳಿ ನಿಂತು ಇನ್ನೊಂದಕ್ಕೆ ಹೊಡೆಯುವುದು, ಎಲ್ಲರೂ ಒಟ್ಟಿಗೆ ಹೋಗಿ ಬಾಣ ಕೀಳುವುದು, ಅಲ್ಲಿಂದ ಮೊದಲನೆಯದಕ್ಕೆ ತಿರುಗಿ ಹೊಡೆಯುವುದು. ಸುಮಾರು 1325 ಮತ್ತು 1340ರ ನಡುವೆ ಸಿದ್ಧವಾದ 'ಲಟ್ರೆಲ್ ಸಾಲ್ಟರ್' ಎಂಬ ಚಿತ್ರಿತ ಹಸ್ತಪ್ರತಿಯಲ್ಲಿ ಇಂತಹ ಅಭ್ಯಾಸದ ದೃಶ್ಯವಿದೆ. ಈ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಆದರೆ ಜನರೆಲ್ಲ ಇಷ್ಟಪಟ್ಟು ಅಭ್ಯಾಸ ಮಾಡುತ್ತಿದ್ದರೆಂದು ತಿಳಿಯಬೇಡಿ. 1363ರಲ್ಲಿ ಮೂರನೆಯ ಎಡ್ವರ್ಡ್ ದೊರೆ, ಹಬ್ಬದ ದಿನಗಳಲ್ಲಿ ಗಂಡಸರು ಚೆಂಡಾಟ ಬಿಟ್ಟು ಬಿಲ್ಲಿನ ಅಭ್ಯಾಸ ಮಾಡಬೇಕೆಂದು ಆಜ್ಞೆ ಹೊರಡಿಸಿದ. ಎಂಟನೆಯ ಹೆನ್ರಿಯ ಕಾಲದ 1541ರ ಶಾಸನ ಇನ್ನೂ ಕಟ್ಟುನಿಟ್ಟಾಗಿತ್ತು. ಅದರಂತೆ ಮನೆಯಲ್ಲಿ 7ರಿಂದ 17 ವಯಸ್ಸಿನ ಹುಡುಗನಿದ್ದರೆ ಅವನಿಗೆ ಒಂದು ಬಿಲ್ಲು, ಎರಡು ಬಾಣ ಕೊಡಿಸಬೇಕು. 24 ವರ್ಷ ತುಂಬಿದವರು ಹಗುರ ಬಾಣಗಳಿಂದ 220 ಗಜಕ್ಕಿಂತ ಹತ್ತಿರದ ಗುರಿಗೆ ಹೊಡೆಯುವಂತಿಲ್ಲ. 220 ಗಜವೆಂದರೆ ಸುಮಾರು 200 ಮೀಟರ್. ಜೊತೆಗೆ, ಪ್ರತಿ ಊರಿನವರೂ ತಮ್ಮ ಊರಿನಲ್ಲಿ ಗುರಿದಿಬ್ಬ ಕಟ್ಟಿ ಅದನ್ನು ದುರಸ್ತಿಯಲ್ಲಿಡಬೇಕು, ತಪ್ಪಿದರೆ ದಂಡ.

ಇಂತಹ ಕಾನೂನು ಪದೇ ಪದೇ ಬೇಕಾದುದೇಕೆ? ಬಿಲ್ಲುಗಾರನು ಒಂದು ದಿನದಲ್ಲಿ ಸಿದ್ಧನಾಗುವುದಿಲ್ಲ. 1545ರಲ್ಲಿ ಮುಳುಗಿದ 'ಮೇರಿ ರೋಸ್' ಎಂಬ ಯುದ್ಧನೌಕೆಯನ್ನು 1982ರಲ್ಲಿ ಸಮುದ್ರದಿಂದ ಮೇಲೆತ್ತಲಾಯಿತು. ಅದರ ಅವಶೇಷಗಳಲ್ಲಿ 137 ಇಡೀ ಬಿಲ್ಲುಗಳೂ 3,500ಕ್ಕೂ ಹೆಚ್ಚು ಬಾಣಗಳೂ ಸಿಕ್ಕವು. ಆ ಬಿಲ್ಲುಗಳನ್ನು ಪೂರ್ತಿ ಎಳೆಯಲು 45 ಕಿಲೋಗ್ರಾಂ ಭಾರ ಎತ್ತುವಷ್ಟು, ಕೆಲವಕ್ಕೆ ಅದಕ್ಕಿಂತ ಬಹಳ ಹೆಚ್ಚು, ಬಲ ಬೇಕಾಗುತ್ತಿತ್ತೆಂದು ಲೆಕ್ಕ ಹಾಕಿದ್ದಾರೆ. ಅಂತಹ ಬಲ ಎಳೆವಯಸ್ಸಿನ ಅಭ್ಯಾಸದಿಂದಲೇ ಬರಬೇಕು. ಹ್ಯೂ ಲ್ಯಾಟಿಮರ್ ಎಂಬ ಧರ್ಮಬೋಧಕ 1549ರಲ್ಲಿ ದೊರೆಯ ಮುಂದೆ ಉಪದೇಶ ಮಾಡುತ್ತ, ರೈತನಾಗಿದ್ದ ತನ್ನ ತಂದೆ ತನ್ನ ವಯಸ್ಸು ಮತ್ತು ಶಕ್ತಿಗೆ ತಕ್ಕಂತೆ ಬಿಲ್ಲುಗಳನ್ನು ಕೊಡಿಸಿ, ತೋಳಿನಿಂದಲ್ಲ, ಇಡೀ ಮೈಯಿಂದ ಎಳೆಯಲು ಕಲಿಸಿದನೆಂದು ನೆನೆಸಿಕೊಂಡ. ಇಂತಹ ಅಭ್ಯಾಸ ಸಾವಿರಾರು ಊರುಗಳಲ್ಲಿ ನಡೆಯಬೇಕಾದರೆ ಬೇಕಾದ ಸಾಮಗ್ರಿ ಎಲ್ಲ ಊರಿನಲ್ಲೂ ಸಿಗುವಂತಿರಬೇಕು. ಮಣ್ಣು ಮತ್ತು ಹುಲ್ಲು ಇಲ್ಲದ ಊರು ಎಲ್ಲಿದೆ?

ಕಲ್ಲಿನ ಗೋಡೆಗೇ ಏಕೆ ಹೊಡೆಯಬಾರದು ಎಂದು ನೀವು ಕೇಳಬಹುದು. ಇಲ್ಲಿ ಸ್ವಲ್ಪ ಭೌತವಿಜ್ಞಾನವನ್ನು ನೆನಪಿಸಿಕೊಳ್ಳಿ. ಇಂದಿನ ಅಭ್ಯಾಸದ ಬಾಣದ ತೂಕ 20 ಗ್ರಾಂ, ವೇಗ ಸೆಕೆಂಡಿಗೆ 55 ಮೀಟರ್ ಎಂದಿಟ್ಟುಕೊಳ್ಳೋಣ. ಅದರ ಚಲನಶಕ್ತಿ ಸುಮಾರು 30 ಜೂಲ್. ಒಂದು ಕಿಲೋ ತೂಕದ ಕಲ್ಲು ಮೂರು ಮೀಟರ್ ಎತ್ತರದಿಂದ ಬಿದ್ದಾಗ ಇರುವಷ್ಟು ಶಕ್ತಿ ಅದು. ಈ ಬಾಣ ಹುಲ್ಲಿನೊಳಗೆ 30 ಸೆಂಟಿಮೀಟರ್ ಸರಿದು ನಿಂತರೆ ಅದರ ಮೇಲೆ ಬೀಳುವ ಸರಾಸರಿ ಬಲ 100 ನ್ಯೂಟನ್, ಎಂದರೆ ಹತ್ತು ಕಿಲೋ ಭಾರದಷ್ಟು. ಅದೇ ಬಾಣ ಕಲ್ಲಿಗೆ ಬಡಿದು ಮೂರೇ ಮಿಲಿಮೀಟರಿನಲ್ಲಿ ನಿಲ್ಲಬೇಕಾದರೆ ಬಲ ನೂರು ಪಟ್ಟು ಹೆಚ್ಚುತ್ತದೆ, ಹೆಚ್ಚುಕಡಿಮೆ ಒಂದು ಟನ್ ಭಾರ! ಬಾಣ ಮುರಿಯುತ್ತದೆ, ಇಲ್ಲವೇ ಸಿಡಿದು ಹೊಡೆದವನ ಕಡೆಗೇ ಬರುತ್ತದೆ. ಒಳ್ಳೆಯ ತಡೆ ಬಾಣಕ್ಕೆ ಸ್ವಲ್ಪ ದಾರಿ ಬಿಟ್ಟುಕೊಟ್ಟು, ಕಡ್ಡಿಯ ಉದ್ದಕ್ಕೂ ಉಜ್ಜಿ, ಘರ್ಷಣೆಯಿಂದ ಅದನ್ನು ನಿಲ್ಲಿಸುತ್ತದೆ.

ಜಪಾನಿನವರೂ ಇದನ್ನು ಚೆನ್ನಾಗಿ ಅರಿತಿದ್ದಾರೆ. ಅವರ ಬಿಲ್ಲುಗಾರಿಕೆಯಾದ ಕ್ಯೂಡೊದಲ್ಲಿ 28 ಮೀಟರ್ ದೂರದ 36 ಸೆಂಟಿಮೀಟರ್ ಅಗಲದ ಗುರಿಯ ಹಿಂದೆ 'ಅಜುಚಿ' ಎಂಬ ಇಳಿಜಾರಾದ ಮರಳಿನ ದಿಬ್ಬವಿರುತ್ತದೆ. ಮರಳಿಗೆ ಮರದ ಹೊಟ್ಟು ಬೆರೆಸಿ, ನೀರು ಚಿಮುಕಿಸಿ, ತಟ್ಟಿ ಹದ ಮಾಡುತ್ತಾರೆ. ಹತ್ತಿರದ ಅಭ್ಯಾಸಕ್ಕೆ 'ಮಕಿವಾರ' ಎಂಬ ಭತ್ತದ ಹುಲ್ಲಿನ ಬಿಗಿಯಾದ ಸಿವುಡನ್ನು ಬಳಸುತ್ತಾರೆ. ಅದರ ಹುಲ್ಲಿನ ತುದಿಗಳು ಬಿಲ್ಲುಗಾರನ ಕಡೆಗೆ ಮುಖ ಮಾಡಿರುತ್ತವೆ. ಬಾಣ ಎಳೆಗಳನ್ನು ಕತ್ತರಿಸದೆ ಅವುಗಳ ನಡುವೆ ನುಗ್ಗುವುದರಿಂದ ಸಿವುಡು ಬಹಳ ದಿನ ಬಾಳುತ್ತದೆ.

ನಮ್ಮ ಕರ್ನಾಟಕದ ಗರಡಿ ಮನೆಯ ಮಟ್ಟಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ ಮುಂತಾದುವನ್ನು ಬೆರೆಸಿ ಹದ ಮಾಡುವುದು ಪೈಲ್ವಾನ ಬಿದ್ದರೂ ಪೆಟ್ಟಾಗದಿರಲೆಂದು. ಬೀಳಲು ಜಾಗವಿಲ್ಲದಿದ್ದರೆ ಕುಸ್ತಿ ಕಲಿಯಲಾಗದು. ಗುರಿ ತಪ್ಪಲು ಜಾಗವಿಲ್ಲದಿದ್ದರೆ ಬಿಲ್ಲುಗಾರಿಕೆ ಕಲಿಯಲಾಗದು.

ಈಗಲೂ ಇಂತಹ ತಡೆಯನ್ನು ಕಡಿಮೆ ಖರ್ಚಿನಲ್ಲಿ ಮಾಡಬಹುದು. ಭತ್ತದ ಹುಲ್ಲಿನ ಸಿವುಡುಗಳನ್ನು ತುದಿ ಮುಂದಾಗುವಂತೆ, ಒಂದು ಮೀಟರ್ ಅಗಲ ಮತ್ತು ಎತ್ತರಕ್ಕೆ ಒತ್ತಾಗಿ ಜೋಡಿಸಿ, ನಾರಿನ ಹಗ್ಗದಿಂದ ಬಿಗಿಯಾಗಿ ಕಟ್ಟಿ. ಹುಲ್ಲು ಸಿಗದಿದ್ದರೆ ಗೋಣಿಚೀಲಕ್ಕೆ ಹಳೆಯ ಬಟ್ಟೆಗಳನ್ನು ಗಟ್ಟಿಯಾಗಿ ತುರುಕಿ ಹೊಲಿಯಿರಿ. ಗುಂಡಿ, ಜಿಪ್ ಇದ್ದರೆ ಮೊದಲೇ ಕತ್ತರಿಸಿ ತೆಗೆಯಿರಿ. ಸಡಿಲವಾಗಿದ್ದರೆ ಬಾಣ ಗರಿಯವರೆಗೂ ನುಗ್ಗಿ ಹಾಳಾಗುತ್ತದೆ. ಮಳೆಗೆ ನೆನೆದ ಹುಲ್ಲು ಕೊಳೆಯುವುದರಿಂದ ಮೇಲೊಂದು ಮರೆ ಬೇಕು. ಮುಖ್ಯವಾಗಿ, ಸಿವುಡಿನ ಹಿಂದೆ ಅದಕ್ಕಿಂತ ಅಗಲವೂ ಎತ್ತರವೂ ಆದ ಮಣ್ಣಿನ ದಿಬ್ಬವಿರಲಿ. ಸಿವುಡು ನಿಲ್ಲಿಸುವುದು ಅದಕ್ಕೆ ತಾಗಿದ ಬಾಣವನ್ನು ಮಾತ್ರ. ಆರಂಭದಲ್ಲಿ ಐದು ಮೀಟರ್ ದೂರ ಸಾಕು.

ಅಭ್ಯಾಸಕ್ಕೆ ತಿಳಿದ ಹಿರಿಯರೊಬ್ಬರು ಜೊತೆಗಿರಲೇಬೇಕು. ಸಾಧಾರಣ ಬಿಲ್ಲಿನ ಬಾಣವೂ ನೂರು ಮೀಟರ್ ದಾಟಬಲ್ಲದು. ಆದ್ದರಿಂದ ಹಿಂದೆ ರಸ್ತೆ, ಮನೆ, ದನ ಕಟ್ಟುವ ಜಾಗ ಇದ್ದ ಕಡೆ ಬಿಲ್ಲು ಎತ್ತಲೇಬಾರದು. ಹದಿನಾರನೆಯ ಶತಮಾನದ ಇಂಗ್ಲೆಂಡಿನ ಮರಣವಿಚಾರಣೆಯ ದಾಖಲೆಗಳಲ್ಲಿ, ದಿಬ್ಬದ ಹತ್ತಿರ ನಿಂತಿದ್ದಾಗ ಅಥವಾ ಬಾಣ ಆರಿಸಲು ಹೋದಾಗ ಬಾಣ ತಗುಲಿ ಸತ್ತವರ ವಿವರಗಳಿವೆ. ದಿಬ್ಬ ಕಟ್ಟಿದರೆ ಸಾಲದು, ಶಿಸ್ತೂ ಬೇಕು. ಇಂದಿನ ಸ್ಪರ್ಧೆಗಳಲ್ಲಿ ಮೂರು ಬಾರಿ ಸದ್ದು ಕೇಳಿದ ಮೇಲೆಯೇ ಎಲ್ಲರೂ ಒಟ್ಟಿಗೆ ಬಾಣ ಕೀಳಲು ಹೋಗುತ್ತಾರೆ.

ಬಂದೂಕು ಬಂದ ಮೇಲೆ ಇಂಗ್ಲೆಂಡಿನ ದಿಬ್ಬಗಳಿಗೆ ಕೆಲಸ ತಪ್ಪಿತು. ಬಂದೂಕು ಹಿಡಿಯುವವನನ್ನು ಕೆಲವೇ ವಾರಗಳಲ್ಲಿ ತರಬೇತು ಮಾಡಬಹುದಿತ್ತು. 1595ರಲ್ಲಿ ಅಲ್ಲಿನ ಸರ್ಕಾರ ತರಬೇತಿ ಪಡೆದ ನಾಗರಿಕ ಪಡೆಗಳಲ್ಲಿ ಬಿಲ್ಲಿನ ಬದಲು ಬಂದೂಕು ಬಳಸಲು ಆದೇಶಿಸಿತು. ಯಾರೂ ದುರಸ್ತಿ ಮಾಡದ ದಿಬ್ಬಗಳು ನೆಲಸಮವಾದವು. ಕೆಲವು ಪಟ್ಟಣಗಳಲ್ಲಿ 'ಬಟ್ಸ್' ಎಂಬ ಬೀದಿಯ ಹೆಸರಷ್ಟೇ ಉಳಿಯಿತು. ಬಿಲ್ಲುಗಾರಿಕೆ ಮಾತ್ರ ಆಟವಾಗಿ ಉಳಿದು, 1972ರಲ್ಲಿ ಒಲಿಂಪಿಕ್ಸಿಗೆ ಮರಳಿತು.

ಮುಂದಿನ ಬಾರಿ ಬಿಲ್ಲುಗಾರಿಕೆಯ ಸ್ಪರ್ಧೆಯನ್ನು ನೋಡುವಾಗ ಹಳದಿ ವೃತ್ತದ ಮಧ್ಯಕ್ಕೆ ತಗುಲಿದ ಬಾಣವನ್ನು ನೋಡಿ ಸಂತೋಷಪಡಿ. ಜೊತೆಗೆ ಆ ಗುರಿಯನ್ನು ಯಾವುದರಿಂದ ಮಾಡಿದ್ದಾರೆ, ಅದರ ಹಿಂದೆ ಏನಿದೆ ಎಂಬುದನ್ನೂ ಗಮನಿಸಿ. ಆ ಬಿಲ್ಲುಗಾರ ಅಲ್ಲಿಗೆ ಬರುವ ಮುನ್ನ ಎಷ್ಟು ಸಾವಿರ ಬಾಣಗಳು ಅಂತಹ ತಡೆಯಲ್ಲಿ ನಿಂತಿರಬಹುದು ಎಂದು ಲೆಕ್ಕ ಹಾಕಿ ನೋಡಿ.