ಸ್ಟುಡಿಯೋದ ಹೆಸರು, ಮನೆಮಂದಿಯ ದುಡಿಮೆ: 19ನೇ ಶತಮಾನದ ದಂಪತಿ ಛಾಯಾಗ್ರಹಣ

ಹಾಸನ ಸೀಮೆಯ ಗುಡಿಗಳು ಕ್ಯಾಮೆರಾದ ಮುಂದೆ ಬಂದದ್ದು ಬಹಳ ಬೇಗ. 1854ರ ಡಿಸೆಂಬರಿನಲ್ಲಿ ಲಿನೇಯಸ್ ಟ್ರೈಪ್ ಬೇಲೂರು, ಹಳೇಬೀಡುಗಳ ಶಿಲ್ಪವನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನ 56 ಚಿತ್ರಗಳ ಸಂಪುಟವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದ. ಹೀಗೆ ನಮ್ಮ ಭಾಗದ ಛಾಯಾಗ್ರಹಣ ಚರಿತ್ರೆ ಒಬ್ಬೊಬ್ಬ ಗಂಡಸಿನ ಹೆಸರಿನಿಂದಲೇ ಆರಂಭವಾಗುತ್ತದೆ. ಸಣ್ಣ ಊರಿನ ಸ್ಟುಡಿಯೋಗಳ ಚರಿತ್ರೆಗೆ ಈ ಕ್ರಮ ಸಾಲದು. ಅಲ್ಲಿ ಫೋಟೋ ಮನೆಮಂದಿಯ ಕಸುಬಾಗಿತ್ತು; ಹಲಗೆಯ ಮೇಲೆ ಗಂಡನ ಹೆಸರಿದ್ದರೂ ಕೆಲಸ ಇಬ್ಬರದಾಗಿತ್ತು ಎಂಬುದು ಈ ಲೇಖನದ ವಾದ.

ಇದಕ್ಕೆ ಸ್ಪಷ್ಟ ನಿದರ್ಶನ ಫ್ರಾನ್ಸಿನ ಬಂದರು ಪಟ್ಟಣ ಬ್ರೆಸ್ಟ್. ಜೆನೆವೀವ್ ಎಲಿಜಬೆತ್ ಫ್ರಾಂಕಾರ್ 1843ರಲ್ಲಿ ಆಂದ್ರೆ ಡಿಸ್ಡೇರಿಯನ್ನು ಮದುವೆಯಾದಳು. 1840ರ ದಶಕದ ಕೊನೆಯಲ್ಲಿ ಇಬ್ಬರೂ ಬ್ರೆಸ್ಟಿನಲ್ಲಿ ಸ್ಟುಡಿಯೋ ನಡೆಸುತ್ತಿದ್ದರು. ಮುಂದೆ ಗಂಡ ಊರು ಬಿಟ್ಟು ಪ್ಯಾರಿಸ್ ಸೇರಿದ. ಒಂದೇ ಗಾಜಿನ ಫಲಕದಲ್ಲಿ ಹಲವು ಪುಟ್ಟ ಭಾವಚಿತ್ರ ತೆಗೆಯುವ ‘ಕಾರ್ಟ್ ದ ವಿಸಿಟ್’ ವಿಧಾನಕ್ಕೆ 1854ರ ನವೆಂಬರಿನಲ್ಲಿ ಹಕ್ಕುಪತ್ರ ಪಡೆದು ಹೆಸರಾದ. ಬ್ರೆಸ್ಟಿನ ಸ್ಟುಡಿಯೋವನ್ನು ನಡೆಸಿಕೊಂಡು ಹೋದವಳು ಹೆಂಡತಿ. 1856ರಲ್ಲಿ ಆ ಊರಿನ 28 ನೋಟಗಳ ಚಿತ್ರಮಾಲೆಯನ್ನು ತಂದಳು. 1872ರಲ್ಲಿ ಪ್ಯಾರಿಸಿಗೆ ಹೋಗಿ ತನ್ನದೇ ಸ್ಟುಡಿಯೋ ತೆರೆದಳು. ಆದರೂ ‘ಡಿಸ್ಡೇರಿ’ ಎಂದರೆ ಚರಿತ್ರೆಯ ಪುಸ್ತಕಗಳಿಗೆ ಬಹುಕಾಲ ಗಂಡನೊಬ್ಬನೇ.

ಆ ಕಾಲದ ಕೆಲಸದ ರೀತಿಯನ್ನು ನೋಡಿದರೆ ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ ಎಂಬುದು ತಿಳಿಯುತ್ತದೆ. ಮೊಟ್ಟೆಯ ಬಿಳಿಯನ್ನು ಉಪ್ಪಿನೊಂದಿಗೆ ಕಡೆದು, ತಿಳಿಯಾಗಲು ಬಿಟ್ಟು, ಅದರ ಮೇಲೆ ಕಾಗದ ತೇಲಿಸಿ ಒಣಗಿಸಬೇಕು. ಆಮೇಲೆ ಸಿಲ್ವರ್ ನೈಟ್ರೇಟಿನ ದ್ರಾವಣ. ನೆಗೆಟಿವ್‌ನೊಡನೆ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗೆ ಇಡುವುದು. ಬಣ್ಣ ಕೂಡಿಸಲು ಚಿನ್ನದ ಲವಣ, ನಿಲ್ಲಿಸಲು ಹೈಪೋ, ಕೊನೆಗೆ ಮತ್ತೆ ಮತ್ತೆ ನೀರಿನಲ್ಲಿ ತೊಳೆಯುವುದು. ಇದರ ಜೊತೆಗೆ ನೆಗೆಟಿವ್ ತಿದ್ದಬೇಕು, ರಟ್ಟಿಗೆ ಅಂಟಿಸಬೇಕು, ಲೆಕ್ಕ ಬರೆಯಬೇಕು. ಕಾಗದ ತಯಾರಿ ಕಾರ್ಖಾನೆಗೆ ಹೋದಾಗಲೂ ದುಡಿದವರು ಹೆಚ್ಚಾಗಿ ಹೆಂಗಸರೇ. ಆ ದುಡಿಮೆ ಎಷ್ಟು ದೊಡ್ಡದೆಂದರೆ, ಜರ್ಮನಿಯ ಡ್ರೆಸ್ಡೆನ್ನಿನ ಒಂದು ಕಂಪನಿ 1888ರಲ್ಲಿ ಬಳಸಿದ ಮೊಟ್ಟೆ 60 ಲಕ್ಷಕ್ಕೂ ಮಿಕ್ಕಿತ್ತು.

ಭಾರತದಲ್ಲಿ ಹೆಂಗಸರ ಪಾಲಿಗೆ ಇನ್ನೊಂದು ಕಾರಣವೂ ಸೇರಿತು. ಪರದೆಯ ಹಿಂದಿನ ಸ್ತ್ರೀಯರು ಪರಪುರುಷನ ಮುಂದೆ ಕೂರುವಂತಿರಲಿಲ್ಲ. ಛಾಯಾಗ್ರಾಹಕ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ತೆರೆದ ಜನಾನಾ ಸ್ಟುಡಿಯೋವನ್ನು ನೋಡಿಕೊಂಡವರು ಶ್ರೀಮತಿ ಕೆನ್ನಿ–ಲೆವಿಕ್. ಅಲ್ಲಿನ ಚಿತ್ರಗಳ ಮೇಲೂ ಕಾಣುವ ಹೆಸರು ದೀನ್ ದಯಾಳರದೇ.

ಹೀಗಿರುವಾಗ ಕೆ. ಹೊಸಕೋಟೆ, ಆಲೂರು, ಸಕಲೇಶಪುರದ ಕಡೆಯ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಸಿಗುವ ಹಳೆಯ ಪಟವನ್ನು ಹೇಗೆ ಓದಬೇಕು? ಮೊದಲು ಭೂತಗನ್ನಡಿ ಹಿಡಿಯಬೇಕು. ಚಿತ್ರದ ಕೆಳಗೆ ಕಾಗದದ ನಾರು ಕಂಡರೆ ಅದು ಬಹುಮಟ್ಟಿಗೆ ಮೊಟ್ಟೆಬಿಳಿಯ ಪಟ. ನಾರು ಮುಚ್ಚಿ ಮೇಲ್ಮೈ ನುಣುಪಾಗಿದ್ದರೆ ನಂತರದ ಜೆಲಟಿನ್ ಪಟವಿರಬಹುದು. ರಟ್ಟು ತೆಳುವಾಗಿದ್ದು ಮೂಲೆ ಚೂಪಾಗಿದ್ದರೆ ಕಾಲ ಹಿಂದಕ್ಕೆ ಸರಿಯುತ್ತದೆ. ಬೆನ್ನಿನಲ್ಲಿ ಅಚ್ಚಾದ ಊರು, ವಿಳಾಸ, ಕೈಯಲ್ಲಿ ಬರೆದ ನೆಗೆಟಿವ್ ಸಂಖ್ಯೆ ಇವೆಲ್ಲ ಆಕರಗಳೇ. ಆ ಕೈಬರಹ ಯಾರದೆಂಬ ಪ್ರಶ್ನೆಯನ್ನೂ ಬಿಡಬಾರದು. ಮಲೆನಾಡಿನ ಮಳೆಗಾಲದ ತೇವಕ್ಕೆ ಪಟ ಬೂಷ್ಟು ಹಿಡಿಯುತ್ತದೆ, ಗಾಜಿಗೆ ಅಂಟಿಕೊಳ್ಳುತ್ತದೆ. ಅಂಥದ್ದನ್ನು ಕಿತ್ತು ತೆಗೆಯದೆ, ಇದ್ದ ಹಾಗೆಯೇ ಪ್ರತಿ ತೆಗೆದಿಡಬೇಕು.

ಮನೆಯ ಹಿರಿಯರನ್ನು ಕೇಳುವಾಗಲೂ ‘ಫೋಟೋ ತೆಗೆದವರು ಯಾರು’ ಎಂಬಲ್ಲಿಗೆ ನಿಲ್ಲಿಸಬಾರದು. ಸೀರೆಯ ನೆರಿಗೆ ಸರಿಮಾಡಿ ಕೂರಿಸಿದವರು ಯಾರು, ದುಡ್ಡು ಎಣಿಸಿಕೊಂಡವರು ಯಾರು, ಯಜಮಾನ ತೀರಿಕೊಂಡ ಮೇಲೆ ಅಂಗಡಿ ನಡೆಸಿದವರು ಯಾರು ಎಂದೂ ಕೇಳಬೇಕು. ಬಾಡಿಗೆ ಕರಾರು, ಮದುವೆ–ಮರಣದ ದಾಖಲೆ, ಪತ್ರಿಕೆಯ ಜಾಹೀರಾತುಗಳನ್ನು ಈ ಉತ್ತರಗಳೊಡನೆ ತಾಳೆ ನೋಡಬೇಕು. ನಮ್ಮ ಸಂಗ್ರಹಾಲಯಗಳ ಪಟ್ಟಿಯಲ್ಲಿ ‘ಛಾಯಾಗ್ರಾಹಕ’ ಎಂಬ ಕಲಮಿನ ಪಕ್ಕದಲ್ಲೇ ‘ಸ್ಟುಡಿಯೋದಲ್ಲಿ ದುಡಿದವರು’ ಎಂಬ ಇನ್ನೊಂದು ಕಲಮು ಬರಬೇಕು. ಆ ಕಲಮು ಇದ್ದರೆ ಮಾತ್ರ ಮುಂದಿನ ಸಂಶೋಧಕರು ಅದನ್ನು ತುಂಬಲು ಹುಡುಕುತ್ತಾರೆ.