ತೀರ್ಪುಗಾರರೇ ಜಗಳವಾಡಿದರೆ ಸ್ಪರ್ಧೆಯಲ್ಲಿ ಮೋಸ ನಡೆದಿದೆ ಎಂದರ್ಥವೇ?

ಒಬ್ಬ ಮಹಾ ಪ್ರತಿಭಾವಂತನನ್ನು ತೀರ್ಪುಗಾರರು ಬೇಕೆಂದೇ ಸೋಲಿಸಿದರು, ಅದನ್ನು ಸಹಿಸದೆ ಒಬ್ಬರು ರಾಜೀನಾಮೆ ಕೊಟ್ಟು ಹೊರನಡೆದರು. 1980ರ ಶೋಪನ್ ಪಿಯಾನೋ ಸ್ಪರ್ಧೆಯ ಕಥೆಯನ್ನು ಸಾಮಾನ್ಯವಾಗಿ ಹೀಗೆಯೇ ಹೇಳುತ್ತಾರೆ. ಹೊರನಡೆದದ್ದು ನಿಜ. ಆದರೆ ಮೋಸ ನಡೆದಿತ್ತು ಎನ್ನಲು ಅಷ್ಟೇ ಸಾಕ್ಷಿ ಸಾಲದು.

ಪೋಲೆಂಡಿನ ವಾರ್ಸಾ ನಗರದಲ್ಲಿ ಈ ಸ್ಪರ್ಧೆ ಶುರುವಾದದ್ದು 1927ರಲ್ಲಿ. ಈಗ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ನುಡಿಸಬೇಕಾದದ್ದು ಶೋಪನ್ ಎಂಬ ಒಬ್ಬನೇ ಸಂಗೀತಗಾರನ ಕೃತಿಗಳನ್ನು. ಇಲ್ಲಿ ಗೆದ್ದವರಿಗೆ ಜಗತ್ತಿನ ದೊಡ್ಡ ವೇದಿಕೆಗಳ ಬಾಗಿಲು ತೆರೆಯುತ್ತದೆ.

1980ರಲ್ಲಿ ನಡೆದದ್ದೇನು?

ಯುಗೊಸ್ಲಾವಿಯಾದ ಇವೊ ಪೊಗೊರೆಲಿಚ್ ಎಂಬ ಯುವಕ ಶೋಪನ್ ಕೃತಿಗಳನ್ನು ತೀರಾ ತನ್ನದೇ ಧಾಟಿಯಲ್ಲಿ ನುಡಿಸಿದ. ಆತ ಮೂರನೇ ಸುತ್ತಿನಲ್ಲೇ ಹೊರಬಿದ್ದ, ಫೈನಲ್ ತಲುಪಲಿಲ್ಲ. ಮಂಡಳಿಯಲ್ಲಿದ್ದ ಮಾರ್ತಾ ಆರ್ಗೆರಿಚ್ ಆತನನ್ನು ಅಸಾಧಾರಣ ಪ್ರತಿಭೆ ಎಂದು ಕರೆದು ರಾಜೀನಾಮೆ ಕೊಟ್ಟರು. ಅವರು ಸಾಮಾನ್ಯರಲ್ಲ, 1965ರಲ್ಲಿ ಇದೇ ಸ್ಪರ್ಧೆ ಗೆದ್ದವರು.

ಫಾರ್ವರ್ಡ್ ಆಗುವ ಕಥೆಗಳಲ್ಲಿ ಬಿಟ್ಟುಹೋಗುವ ಎರಡು ಸಂಗತಿಗಳಿವೆ. ಮೊದಲನೆಯದು, ಆ ವರ್ಷ ಮಂಡಳಿ ಬಿಟ್ಟವರು ಆರ್ಗೆರಿಚ್ ಒಬ್ಬರೇ ಅಲ್ಲ. ಲೂಯಿ ಕೆಂಟ್ನರ್ ಎಂಬ ಹಿರಿಯ ವಾದಕರು ಮೊದಲ ಸುತ್ತಿನ ನಂತರವೇ ಹೋಗಿಬಿಟ್ಟಿದ್ದರು. ಅವರ ದೂರು ತದ್ವಿರುದ್ಧ: ಪೊಗೊರೆಲಿಚ್‌ನಂಥವರು ಎರಡನೇ ಸುತ್ತಿಗೆ ಹೋಗುವುದಾದರೆ ತಾವು ಅಲ್ಲಿರಲು ಸಾಧ್ಯವಿಲ್ಲ ಎಂದು ಅವರು ಹೇಳಿದ್ದಾಗಿ ವರದಿಯಾಗಿದೆ. ಅಂದರೆ ಒಂದೇ ವಾದನ ಇಬ್ಬರು ಪರಿಣತರಿಗೆ ಎರಡು ತೆರನಾಗಿ ಕೇಳಿಸಿತ್ತು. ಎರಡನೆಯದು, ಗೆದ್ದವರ ಹೆಸರು. ವಿಯೆಟ್ನಾಂ ಯುದ್ಧದ ದಿನಗಳಲ್ಲಿ ಬೆಳೆದ ಡಾಂಗ್ ಥಾಯ್ ಸನ್ ಈ ಸ್ಪರ್ಧೆ ಗೆದ್ದ ಮೊದಲ ಏಷ್ಯನ್. ಅಂಥ ಗೆಲುವನ್ನು ಬೇರೊಬ್ಬರ ಸೋಲಿನ ಅಡಿಟಿಪ್ಪಣಿ ಮಾಡುವುದು ನಮಗೆ ಅನ್ಯಾಯವೆನಿಸುತ್ತದೆ.

ಲೆಕ್ಕ ಮಾಡಿ ನೋಡೋಣ

ಐವರು ತೀರ್ಪುಗಾರರು, 10ಕ್ಕೆ ಅಂಕ ಎಂದಿಟ್ಟುಕೊಳ್ಳಿ (ಇದು ಕಾಲ್ಪನಿಕ ಉದಾಹರಣೆ). ಒಬ್ಬ ಸ್ಪರ್ಧಿಗೆ 10, 10, 10, 3, 2 ಬಂತು. ಮತ್ತೊಬ್ಬಳಿಗೆ ಅದೇ ಐವರಿಂದ 8, 8, 8, 7, 7. ಮೊದಲನೆಯವನ ಮೊತ್ತ 35, ಎರಡನೆಯವಳದು 38. ಐವರಲ್ಲಿ ಮೂವರಿಗೆ ಆತನೇ ಶ್ರೇಷ್ಠ, ಆದರೂ ಗೆದ್ದದ್ದು ಆಕೆ. ಅಂಕದ ಬದಲು ಕೈ ಎತ್ತಿಸಿ ಮತ ಹಾಕಿಸಿದ್ದರೆ ಆತ ಗೆಲ್ಲುತ್ತಿದ್ದ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಸರಾಸರಿ ಎಂಬ ಪದ್ಧತಿಯೇ ಹಾಗೆ: ಕೆಲವರು ಹುಚ್ಚೆದ್ದು ಮೆಚ್ಚಿ ಕೆಲವರು ತಿರಸ್ಕರಿಸುವವರಿಗಿಂತ, ಎಲ್ಲರೂ ಒಪ್ಪುವವರಿಗೆ ಅದು ಅನುಕೂಲ.

ಒಬ್ಬರ ವಿರೋಧ ಯಾವಾಗಲೂ ಫಲಿತಾಂಶ ಬದಲಿಸುವುದೂ ಇಲ್ಲ. 2015ರಲ್ಲಿ ಇದೇ ಸ್ಪರ್ಧೆಯ ಅಂಕಪಟ್ಟಿಗಳನ್ನು ಸಂಘಟಕರು ಪ್ರಕಟಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಸಾಂಗ್-ಜಿನ್ ಚೋ ಅವರಿಗೆ ಹೆಚ್ಚಿನವರು 9 ಅಥವಾ 10 ಕೊಟ್ಟಿದ್ದರೆ, ಫ್ರಾನ್ಸಿನ ಫಿಲಿಪ್ ಆಂತ್ರೆಮೋ ಕೊಟ್ಟದ್ದು ಕೇವಲ 1. ಚೋ ಆದರೂ ಗೆದ್ದರು. ಪಟ್ಟಿ ಗುಟ್ಟಾಗಿ ಉಳಿದಿದ್ದರೆ ಈ 1 ಅಂಕದ ಸುತ್ತ ಎಷ್ಟು ಗಾಳಿಸುದ್ದಿ ಹುಟ್ಟುತ್ತಿತ್ತೋ!

ಹಾಗಾದರೆ ಎಲ್ಲವೂ ಸರಿಯೇ?

ಅಲ್ಲ. ಮೋಸವಿಲ್ಲದೆಯೂ ತೀರ್ಪು ವಾಲಬಹುದು. ಬೆಲ್ಜಿಯಂನ ಕ್ವೀನ್ ಎಲಿಜಬೆತ್ ಸ್ಪರ್ಧೆಯ ಫೈನಲ್‌ನಲ್ಲಿ ಯಾರು ಯಾವ ದಿನ ನುಡಿಸಬೇಕು ಎಂದು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಗಿನ್ಸ್‌ಬರ್ಗ್ ಮತ್ತು ವಾನ್ ಔರ್ಸ್ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ದಿನ ನುಡಿಸುವವರು ಕೆಳಗಿನ ಸ್ಥಾನ ಪಡೆಯುವ ಸಾಧ್ಯತೆ ಹೆಚ್ಚು. ಮೇಲಿನ ಸ್ಥಾನ ಪಡೆದವರಿಗೆ ಮುಂದೆ ಅವಕಾಶಗಳೂ ಹೆಚ್ಚು. ಹಾಗಾಗಿ ಒಂದು ಚೀಟಿ ಇಡೀ ವೃತ್ತಿಜೀವನಕ್ಕೆ ತಗುಲಿಕೊಳ್ಳುತ್ತದೆ.

ಕಣ್ಣಿನ ಪಾತ್ರವೂ ಇದೆ. ಚಿಯಾ-ಜಂಗ್ ತ್ಸಾಯ್ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸ್ಪರ್ಧೆಗಳ ನಿಜವಾದ ವಿಜೇತರು ಯಾರೆಂದು ಊಹಿಸಲು ಜನರಿಗೆ ಹೇಳಲಾಯಿತು. ಬರೀ ಧ್ವನಿ ಕೇಳಿದವರಿಗಿಂತ, ಶಬ್ದವಿಲ್ಲದ ವಿಡಿಯೊ ನೋಡಿದವರೇ ಹೆಚ್ಚು ಸರಿಯಾಗಿ ಊಹಿಸಿದರು. ಪರಿಣತ ಸಂಗೀತಗಾರರಲ್ಲೂ ಇದೇ ಕಂಡುಬಂತು. ತೀರ್ಪುಗಾರರಿಗೆ ಕಿವಿಯೇ ಇಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ. ಅಧ್ಯಯನ ಅಷ್ಟು ದೂರ ಹೋಗುವುದಿಲ್ಲ.

ನಿಜಕ್ಕೂ ಕೇಳಬೇಕಾದ ಪ್ರಶ್ನೆ ಗುರು-ಶಿಷ್ಯ ಸಂಬಂಧದ್ದು. ತೀರ್ಪುಗಾರರಲ್ಲಿ ಅನೇಕರು ಪಿಯಾನೋ ಗುರುಗಳು, ಅವರ ಶಿಷ್ಯರೂ ಸ್ಪರ್ಧೆಯಲ್ಲಿರುತ್ತಾರೆ. 2021ರಲ್ಲಿ ಗೆದ್ದ ಬ್ರೂಸ್ ಲಿಯು ಅವರ ಗುರು ಬೇರಾರೂ ಅಲ್ಲ, 1980ರ ವಿಜೇತ ಡಾಂಗ್ ಥಾಯ್ ಸನ್; ಅವರು ಆ ವರ್ಷದ ತೀರ್ಪುಗಾರರೂ ಹೌದು. ಸ್ವಂತ ಶಿಷ್ಯರಿಗೆ ಅಂಕ ಕೊಡುವಂತಿಲ್ಲ ಎಂಬುದು ನಿಯಮ. ಆದರೆ ಯಾರೇ ಗುರು ಮನಸ್ಸು ಮಾಡಿದರೆ ಶಿಷ್ಯನ ಎದುರಾಳಿಗೆ ಕಡಿಮೆ ಅಂಕ ಕೊಡುವುದನ್ನು ಆ ನಿಯಮ ತಡೆಯಲಾರದು. ಅದಕ್ಕೆ ಬೇರೆ ಉಪಾಯವಿದೆ: ಸರಾಸರಿಯಿಂದ ನಿಗದಿತ ಮಿತಿಗಿಂತ ದೂರ ಹೋದ ಅಂಕವನ್ನು ಆ ಮಿತಿಗೆ ಎಳೆದು ತರುವುದು. ಮೇಲಿನ ಉದಾಹರಣೆಯಲ್ಲಿ ಮಿತಿ 2 ಎಂದಿಟ್ಟುಕೊಂಡರೆ ಆತನ ಅಂಕಗಳು 9, 9, 9, 5, 5 ಆಗುತ್ತವೆ, ಮೊತ್ತ 37. ಆಕೆಯದು 38ರಲ್ಲೇ ನಿಲ್ಲುತ್ತದೆ.