ಮಗುವಿನ ಮೂಳೆ, ಕರುಳು ಮತ್ತು ಗೋಧಿ: ಒಂದು ಇತಿಹಾಸ

ಇವತ್ತಿನ ಮಾತು ಮಕ್ಕಳ ಮೂಳೆಯ ಬಗ್ಗೆ. ಆದರೆ ಶುರು ಮಾಡೋದು ಕರುಳಿನಿಂದ. ಯಾಕಂದ್ರೆ ಕೆಲವು ಮಕ್ಕಳಲ್ಲಿ ಮೂಳೆ ದುರ್ಬಲವಾಗೋದಕ್ಕೆ ಮೂಲ ಕಾರಣ ಹೊಟ್ಟೆಯಲ್ಲಿರುತ್ತೆ. ಇದನ್ನು ತಿಳಿಯೋಕೆ ವೈದ್ಯರಿಗೇ ಬಹಳ ಕಾಲ ಬೇಕಾಯ್ತು.

1887ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಒಂದು ಉಪನ್ಯಾಸ ಕೊಟ್ಟರು. ಮರುವರ್ಷ ಅದು ಅಚ್ಚಾಯಿತು. ಹೊಟ್ಟೆ ಉಬ್ಬಿದ, ಕೈಕಾಲು ಸೊರಗಿದ, ಪದೇ ಪದೇ ಭೇದಿಯಾಗುವ ಮಕ್ಕಳನ್ನು ಅವರು ವಿವರಿಸಿದ್ದರು. ಇದಕ್ಕೆ ಮದ್ದು ಇದ್ದರೆ ಅದು ಊಟದಲ್ಲೇ ಅಂತ ಸರಿಯಾಗಿಯೇ ಊಹಿಸಿದರು. ಆದರೆ ಅನ್ನ ಬೇಡ ಅಂದರು, ತೆಳ್ಳಗೆ ಹೆಚ್ಚಿ ಸುಟ್ಟ ಬ್ರೆಡ್ ಕೊಡಬಹುದು ಅಂದರು! ಅಂದರೆ ನಿರಪರಾಧಿಗೆ ಶಿಕ್ಷೆ, ಅಪರಾಧಿಗೆ ಬಿಡುಗಡೆ.

ಅಪರಾಧಿ ಸಿಕ್ಕಿಬಿದ್ದದ್ದು ಹಾಲೆಂಡಿನಲ್ಲಿ. ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನ ಇತ್ತು. 1944-45ರ ಚಳಿಗಾಲದ ಬರಗಾಲದಲ್ಲಿ ಬ್ರೆಡ್ ಸಿಗದೇ ಹೋದಾಗ ಆ ಅನುಮಾನ ಗಟ್ಟಿಯಾಯ್ತು. 1950ರಲ್ಲಿ ಅವರು ಪ್ರಬಂಧ ಮಂಡಿಸಿದರು. ಗೋಧಿಯ ಗ್ಲುಟನ್ ಎಂಬ ಅಂಟು ಪ್ರೋಟೀನ್ ಕೆಲವರ ಕರುಳಿಗೆ ಆಗುವುದಿಲ್ಲ ಅನ್ನೋದು ಅದರ ಬೆನ್ನಿಗೇ ಸ್ಪಷ್ಟವಾಯ್ತು. ಈ ಕಾಯಿಲೆಯೇ ಸೀಲಿಯಾಕ್.

ಮೂಳೆಗೂ ಇದಕ್ಕೂ ಏನು ಸಂಬಂಧ? ಸಣ್ಣ ಕರುಳಿನ ಒಳಮೈಯಲ್ಲಿ ಕೂದಲೆಳೆಯಂಥ ಚಾಚುಗಳಿವೆ. ಆಹಾರದ ಸತ್ವ ಹೀರೋದು ಅವು. ಗ್ಲುಟನ್ ಆಗದವರಲ್ಲಿ ಅವು ಚಪ್ಪಟೆಯಾಗುತ್ತವೆ. ಆಗ ಹಾಲು ಕುಡಿದರೂ ಕ್ಯಾಲ್ಸಿಯಂ ಒಳಗೆ ಸೇರಲ್ಲ, ಕೊಬ್ಬಿನ ಜೊತೆ ಬರುವ ಡಿ ಜೀವಸತ್ವವೂ ಕಡಿಮೆಯಾಗುತ್ತೆ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದಲೇ ಎಳೆದುಕೊಳ್ಳುತ್ತೆ. ಕೆಲವು ಮಕ್ಕಳಿಗೆ ಭೇದಿಯೇ ಇರಲ್ಲ. ಎತ್ತರ ಬೆಳೆಯದಿರೋದು, ರಕ್ತಹೀನತೆ, ಕಾಲುನೋವು, ಇಷ್ಟೇ ಕಾಣಬಹುದು.

ಈಗ ನಮ್ಮ ಕಡೆಗೆ ಬರೋಣ. ಉತ್ತರ ಭಾರತದ ಮಕ್ಕಳ ಸೀಲಿಯಾಕ್ ಬಗ್ಗೆ 1966ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೇಖನ ಬಂತು. ಹಾಗಾಗಿ ‘ಅದು ಗೋಧಿ ತಿನ್ನೋರ ಕಾಯಿಲೆ, ನಾವು ದಕ್ಷಿಣದವರು’ ಅನ್ನೋ ಸಮಾಧಾನ ನಮಗೆ. 2016ರಲ್ಲಿ ಪ್ರಕಟವಾದ, 23,331 ವಯಸ್ಕರ ಅಧ್ಯಯನ ನೋಡಿ. ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯ ಕಂಡವರು ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10. ದಿನದ ಗೋಧಿ ಅಲ್ಲಿ ಸರಾಸರಿ 455 ಗ್ರಾಂ, ಇಲ್ಲಿ 25 ಗ್ರಾಂ. ಆದರೆ ಕಾಯಿಲೆಗೆ ದಾರಿ ಮಾಡುವ ವಂಶವಾಹಿ ಅಲ್ಲಿ ಶೇ. 38, ಇಲ್ಲಿ ಶೇ. 36. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ!

ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳಲ್ಲಿ ತಟ್ಟೆ ಬದಲಾಗಿದೆ. 1970ರಲ್ಲಿ ಸಿಡ್ಕೊ ಹುಟ್ಟಿ ನವಿ ಮುಂಬೈ ಬೆಳೆದ ಮೇಲೆ ಅಲ್ಲೂ ಅದೇ ಕಥೆ. ಊರಲ್ಲಿ ಅಜ್ಜಿ ಉಂಡದ್ದು ಕುಚ್ಚಲಕ್ಕಿ ಗಂಜಿ ಅಥವಾ ಜೋಳದ ರೊಟ್ಟಿ. ಮೊಮ್ಮಗನ ಡಬ್ಬಿಯಲ್ಲಿ ಚಪಾತಿ, ಸಂಜೆಗೆ ವಡಾಪಾವ್, ಬಿಸ್ಕತ್ತು. ಗೋಧಿ ಕೆಟ್ಟದ್ದು ಅಂತಲ್ಲ, ಬಹುಪಾಲು ಮಕ್ಕಳಿಗೆ ಅದು ಒಳ್ಳೆಯ ಆಹಾರವೇ. ಆದರೆ ಮಗು ಬೆಳೀತಿಲ್ಲ ಅಂದಾಗ ‘ನಮ್ಮಲ್ಲಿ ಅದಿಲ್ಲ’ ಅಂತ ಕೂರೋ ಹಾಗಿಲ್ಲ.

ಟಿಟಿಜಿ ಅನ್ನುವ ರಕ್ತಪರೀಕ್ಷೆ ಇದೆ. ಅದಕ್ಕೂ ಮುಂಚೆ ಗೋಧಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಕಾಯಿಲೆ ಅಡಗಿಕೊಳ್ಳುತ್ತೆ. ಖಚಿತವಾದರೆ ಪಥ್ಯ ಜೀವನಪೂರ್ತಿ. ಅಜ್ಜಿಯ ಅಡುಗೆ ಆಗ ಕೈಹಿಡಿಯುತ್ತೆ: ಅಕ್ಕಿ, ಜೋಳ, ರಾಗಿಯಲ್ಲಿ ಗ್ಲುಟನ್ ಇಲ್ಲ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಗೋಧಿ ಬೀಸುವ ಗಿರಣಿಯಲ್ಲೇ ರಾಗಿ ಬೀಸಿಸಬೇಡಿ. ಡಬ್ಬಿ ಇಂಗಿನಲ್ಲೂ ಗೋಧಿಹಿಟ್ಟು ಇರಬಹುದು, ಚೀಟಿ ಓದಿ.

ಮೂಳೆಯ ಗಳಿಕೆ ಬಹುತೇಕ ಹದಿಹರೆಯದೊಳಗೇ ಮುಗಿಯುತ್ತೆ. ಬೇಗ ಗುರುತಿಸಿದ ಮಕ್ಕಳಲ್ಲಿ ಪಥ್ಯದಿಂದ ಮೂಳೆ ಮತ್ತೆ ಗಟ್ಟಿಯಾಗುತ್ತೆ. ತಡವಾದಷ್ಟೂ ಆ ನಷ್ಟ ತುಂಬೋದು ಕಷ್ಟ. ವೈದ್ಯಲೋಕಕ್ಕೆ ಗೀ ಅವರಿಂದ ಡಿಕೆ ಅವರ ತನಕ ಅರವತ್ತು ವರ್ಷ ಹಿಡಿಯಿತು. ಮಗುವಿನ ಹತ್ತಿರ ಅಷ್ಟು ಸಮಯ ಇಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.